ಕುಮಟಾದಿಂದ ಹೃದಯ ಚಿಕಿತ್ಸೆಗೆ: ಮಣಿಪಾಲವೋ, ಬಾಂಬೋಳಿಯೋ, ಹುಬ್ಬಳ್ಳಿಯೋ?

ಕುಮಟಾದವರಿಗೆ ಹೃದಯದ ತಜ್ಞ ಚಿಕಿತ್ಸೆ ಮೂರು ದಿಕ್ಕಿನಲ್ಲಿದೆ: ದಕ್ಷಿಣಕ್ಕೆ ಉಡುಪಿ ಪಕ್ಕದ ಮಣಿಪಾಲ, ಉತ್ತರಕ್ಕೆ ಕಾರವಾರ ದಾಟಿದರೆ ಗೋವಾದ ಬಾಂಬೋಳಿ, ಘಟ್ಟ ಹತ್ತಿದರೆ ಹುಬ್ಬಳ್ಳಿ. ತಂದೆಯವರ ಹೃದಯಾಘಾತ, ಭಾವನವರ ಬೈಪಾಸ್, ಅತ್ತೆಯವರ ಕವಾಟದ ಶಸ್ತ್ರಚಿಕಿತ್ಸೆ ಇವುಗಳಿಗಾಗಿ ಮೂರೂ ಕಡೆ ಓಡಾಡಿದ ಮೇಲೆ, ತುರ್ತಿನ ಲೆಕ್ಕವೇ ಬೇರೆ, ದಿನ ಗೊತ್ತುಮಾಡಿ ಹೋಗುವ ಚಿಕಿತ್ಸೆಯ ಲೆಕ್ಕವೇ ಬೇರೆ ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ.

ರಕ್ತನಾಳ ಪೂರ್ತಿ ಕಟ್ಟಿಕೊಂಡ ಹೃದಯಾಘಾತದಲ್ಲಿ, ಇಸಿಜಿಯಿಂದ ಖಚಿತವಾದ 120 ನಿಮಿಷಗಳೊಳಗೆ ಆಂಜಿಯೋಪ್ಲಾಸ್ಟಿ (ಕಟ್ಟಿದ ನಾಳವನ್ನು ಬಲೂನಿನಿಂದ ತೆರೆದು ಸ್ಟೆಂಟ್ ಹಾಕುವುದು) ಸಾಧ್ಯವಿಲ್ಲದಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಕೂಡಲೇ ಕೊಟ್ಟು ಮುಂದೆ ಕಳಿಸಬೇಕೆಂಬುದು ವೈದ್ಯಕೀಯ ನಿಯಮ. ಕುಮಟಾದಿಂದ ಈ ಮೂರರಲ್ಲಿ ಯಾವುದಕ್ಕೂ ಆ ಅವಧಿಯಲ್ಲಿ ತಲುಪಿ ಸ್ಟೆಂಟ್ ಹಾಕಿಸಿಕೊಳ್ಳುವುದು ಬಹುಮಟ್ಟಿಗೆ ಅಸಾಧ್ಯ. ಆದ್ದರಿಂದ ತಂದೆಯವರನ್ನು ಮೊದಲು ತಾಲ್ಲೂಕು ಆಸ್ಪತ್ರೆಗೇ ಒಯ್ದೆವು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೂ ಇದೇ: ಇಸಿಜಿ ಮತ್ತು ಚುಚ್ಚುಮದ್ದು ಊರಿನ ಹತ್ತಿರವೇ ಸಿಗಬೇಕು. ಚುಚ್ಚುಮದ್ದು ಫಲ ಕೊಟ್ಟರೆ ಆಂಜಿಯೋಗ್ರಾಂಗೆ 2ರಿಂದ 24 ಗಂಟೆಗಳ ಕಾಲಾವಕಾಶವಿರುತ್ತದೆ.

ಆಗ ತೂಗಬೇಕಾದದ್ದು ರಸ್ತೆಯನ್ನು. ಮಣಿಪಾಲದ ದಾರಿಯಲ್ಲಿ ಘಟ್ಟವಿಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಬಾಂಬೋಳಿಯ ಹೆದ್ದಾರಿಯೂ, ಅಂಕೋಲಾದಿಂದ ಅರಬೈಲ್ ಘಟ್ಟದ ಮೂಲಕ ಹುಬ್ಬಳ್ಳಿಗೆ ಹೋಗುವ ದಾರಿಯೂ ನಮಗೆ ಒಟ್ಟಿಗೇ ಮುಚ್ಚಿದವು. ಮುಂದಿನ ತಿಂಗಳೇ ಕಾರವಾರದ ಬಳಿ ಗೋವಾ ದಾರಿಯಲ್ಲಿರುವ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಹುಬ್ಬಳ್ಳಿಗೆ ಉಳಿಯುವ, ಶಿರಸಿ ದಾರಿಯ ದೇವಿಮನೆ ಘಟ್ಟ ಮಳೆಗಾಲದಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ತುರ್ತಿಗೆ ಮಣಿಪಾಲವೇ ಸರಿ ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

ಬೈಪಾಸ್‌ನಂಥ ಯೋಜಿತ ಚಿಕಿತ್ಸೆಯಲ್ಲಿ ಹಣದ ಪ್ರಶ್ನೆ ಮುಂದೆ ಬರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಅದಿಲ್ಲದೆ ಒಂದು ಆಸ್ಪತ್ರೆಯ ಕೌಂಟರಿನಿಂದ ನಮ್ಮನ್ನು ಹಿಂದಕ್ಕೆ ಕಳಿಸಿದ್ದುಂಟು, ಫೋನಿನಲ್ಲಿ ವಿಚಾರಿಸಿದಾಗ ಯಾರೂ ಅದರ ಮಾತೆತ್ತಿರಲಿಲ್ಲ. ಭಾವನವರ ಬೈಪಾಸ್ ಹುಬ್ಬಳ್ಳಿಯಲ್ಲಾಯಿತು, ಖರ್ಚು ಅಂದಾಜಿನೊಳಗೇ ಉಳಿಯಿತು. ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ 2018ರಿಂದ ಹೊರರಾಜ್ಯದವರಿಗೆ ಶುಲ್ಕವಿದೆ. ಉಚಿತವೆಂಬ ಹಳೆಯ ನಂಬಿಕೆಯಿಂದ ಹೊರಡುವವರು ಇದನ್ನು ಗಮನಿಸಬೇಕು. ಆದರೂ ಅತ್ತೆಯವರಿಗೆ ಅಲ್ಲಿ ಕೊಂಕಣಿಯಲ್ಲೇ ವೈದ್ಯರೊಡನೆ ಮಾತನಾಡಲು ಸಿಕ್ಕಿದ್ದರಿಂದ, ಕೃತಕ ಕವಾಟಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಏಕೆ ತಪ್ಪಿಸಬಾರದು, ಸೊಪ್ಪು ತಿನ್ನುವ ಪ್ರಮಾಣ ಏಕೆ ಒಂದೇ ಮಟ್ಟದಲ್ಲಿರಬೇಕು ಎಂಬುದೆಲ್ಲ ಅವರಿಗೇ ನೇರವಾಗಿ ಅರ್ಥವಾಯಿತು.

ಮರುತಪಾಸಣೆಯಲ್ಲಿ ಹುಬ್ಬಳ್ಳಿ ಹಿಂದೆ ಬೀಳುತ್ತದೆ. ಉಡುಪಿಗೂ ಮಡಗಾಂವಿಗೂ ಕುಮಟಾದಿಂದ ಕೊಂಕಣ ರೈಲಿದೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇನ್ನೂ ಆಗಿಲ್ಲ. ಎದೆಯ ಮೂಳೆ ಕೂಡುವ ತನಕ ಘಟ್ಟದ ತಿರುವುಗಳಲ್ಲಿ ಬಸ್ ಪ್ರಯಾಣ ಭಾವನವರಿಗೆ ತೀರಾ ಕಷ್ಟವಾಯಿತು. ಈಗ ಅವರು ಡಿಸ್ಚಾರ್ಜ್ ಸಾರಾಂಶವನ್ನೂ ಆಂಜಿಯೋಗ್ರಾಂ ಸಿಡಿಯನ್ನೂ ಹಿಡಿದು ಮಣಿಪಾಲದಲ್ಲೇ ತೋರಿಸಿಕೊಳ್ಳುತ್ತಿದ್ದಾರೆ. ವಾರ್ಫರಿನ್ ಪ್ರಮಾಣ ಸರಿಯಿದೆಯೇ ಎಂದು ನೋಡುವ, ಅತ್ತೆಯವರ ಐಎನ್‌ಆರ್ ರಕ್ತಪರೀಕ್ಷೆ ಕುಮಟಾದ ಲ್ಯಾಬಿನಲ್ಲೇ ಆಗುತ್ತದೆ.