ಇಂಟರ್ನೆಟ್ ಇಲ್ಲದ ಶಾಲಾ ಗ್ರಂಥಾಲಯದಲ್ಲಿ ಕಿವಿಕ್ಸ್: ಮೂರು ವರ್ಷಗಳ ಬಳಕೆಯ ಅನುಭವ

ಮಲೆನಾಡಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗ್ರಂಥಾಲಯದ ಹೊಣೆ ಹೊತ್ತಿರುವ ನಾನು ಮೂರು ಶೈಕ್ಷಣಿಕ ವರ್ಷಗಳಿಂದ ಕಿವಿಕ್ಸ್ ಬಳಸುತ್ತಿದ್ದೇನೆ. 2007ರಲ್ಲಿ ಆರಂಭವಾದ ಈ ಉಚಿತ ತಂತ್ರಾಂಶವು ವಿಕಿಪೀಡಿಯದಂತಹ ಇಡೀ ಜಾಲತಾಣವನ್ನು ಒಂದೇ ಕಡತದಲ್ಲಿ ಅಡಕ ಮಾಡಿ, ಇಂಟರ್ನೆಟ್ ಇಲ್ಲದೆಯೂ ಓದಲು ಕೊಡುತ್ತದೆ. ಇದಕ್ಕೆ ಮೊದಲು ದಾನಿಗಳ ನೆರವಿನಿಂದ ಒಂದು ಇಂಗ್ಲಿಷ್ ವಿಶ್ವಕೋಶಕ್ಕೆ ವರ್ಷದ ಚಂದಾ ಕಟ್ಟಿದ್ದೆವು. ಅದರ ಬರಹವೂ ಚಿತ್ರಗಳೂ ಚೆನ್ನಾಗಿಯೇ ಇದ್ದವು. ಆದರೆ ಮಳೆಗಾಲವಿಡೀ ನೆಟ್‌ವರ್ಕ್ ಕೈಕೊಡುವ ನಮ್ಮ ಊರಿನಲ್ಲಿ, ಕನ್ನಡ ಮಾಧ್ಯಮದ ಐದನೇ ತರಗತಿಯ ಮಗುವೊಂದು ಅದನ್ನು ತಾನಾಗಿ ತೆರೆದು ಓದಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಮಗು ತನ್ನ ಪ್ರಶ್ನೆಗೆ ತಾನೇ ಉತ್ತರ ಹುಡುಕಿಕೊಳ್ಳಬಲ್ಲದೇ ಎಂಬುದನ್ನೇ ಅಂದಿನಿಂದ ಮುಖ್ಯವಾಗಿ ನೋಡುತ್ತಿದ್ದೇನೆ.

ಹಳೆಯ ಕಂಪ್ಯೂಟರೊಂದರಲ್ಲಿ ಕಿವಿಕ್ಸ್ ಹಾಕಿ, ಸಾಧಾರಣ ವೈ-ಫೈ ರೂಟರ್ ಮೂಲಕ ನಾಲ್ಕು ಟ್ಯಾಬ್‌ಗಳಿಗೆ ಹಂಚಿದ್ದೇವೆ. ಕನ್ನಡ ವಿಕಿಪೀಡಿಯದ ಕಡತವನ್ನು ಪೇಟೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಒಂದೇ ವಿಶ್ವಕೋಶ ಚಿತ್ರಸಹಿತವಾಗಿ, ಚಿತ್ರರಹಿತವಾಗಿ ಮತ್ತು ಲೇಖನದ ಪೀಠಿಕೆ ಮಾತ್ರ ಇರುವ ‘ಮಿನಿ’ ರೂಪದಲ್ಲಿ ದೊರೆಯುತ್ತದೆ. ಪೂರ್ಣ ಕಡತವೇ ಶ್ರೇಷ್ಠವೆಂದು ಮೊದಲ ವರ್ಷ ಅದನ್ನೇ ಕೊಟ್ಟೆ. ಮಕ್ಕಳು ಉದ್ದನೆಯ ಲೇಖನದಲ್ಲಿ ದಾರಿ ತಪ್ಪಿ, ಅರ್ಥವಾಗದ ಸಾಲುಗಳನ್ನು ಹಾಗೆಯೇ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಎರಡನೇ ವರ್ಷ ‘ಮಿನಿ’ ಕೊಟ್ಟಾಗ ಮೊದಲ ಕೆಲವು ವಾಕ್ಯಗಳನ್ನು ಓದಿ, ತಮ್ಮ ಮಾತಿನಲ್ಲಿ ಬರೆಯತೊಡಗಿದರು. ಈಗ ಐದನೇ ತರಗತಿಯವರೆಗೆ ಅದನ್ನೂ ಆರು, ಏಳನೆಯವರಿಗೆ ಪೂರ್ಣ ಕಡತವನ್ನೂ ಇಟ್ಟಿದ್ದೇನೆ.

ನಿಜವಾದ ತೊಡಕು ಹುಡುಕಾಟದಲ್ಲಿದೆ. ಶೀರ್ಷಿಕೆಯ ಮೊದಲ ಅಕ್ಷರಗಳೇ ತಪ್ಪಿದರೆ ಬೇಕಾದ ಲೇಖನ ಎದುರಿಗೆ ಬರುವುದಿಲ್ಲ. ಆಡುವ ಹಾಗೆಯೇ ಬರೆಯುವ ನಮ್ಮ ಮಕ್ಕಳು ‘ಆನೆ’ಗೆ ‘ಹಾನೆ’ ಎಂದೂ ‘ಖಗೋಳ’ಕ್ಕೆ ‘ಕಗೋಳ’ ಎಂದೂ ಒತ್ತಿ, ಏನೂ ಇಲ್ಲವೆಂದು ಟ್ಯಾಬ್ ಕೆಳಗಿಡುತ್ತಾರೆ. ಒತ್ತಕ್ಷರ ಮೂಡಿಸುವುದು ಇನ್ನೂ ಕಷ್ಟ. ಇದಕ್ಕೆ ಪಠ್ಯಪುಸ್ತಕಗಳಿಂದ ಆಯ್ದ ಸುಮಾರು 300 ಶೀರ್ಷಿಕೆಗಳನ್ನು ಅಕಾರಾದಿಯಾಗಿ ಬರೆದು ಗೋಡೆಗೆ ಅಂಟಿಸಿದೆ. ಮಗು ಮೊದಲು ಗೋಡೆಯಲ್ಲಿ ಪದ ಹುಡುಕಿ, ನೋಡಿ ಟೈಪ್ ಮಾಡುತ್ತದೆ. ಹೀಗೆ ಅಕಾರಾದಿ ರೂಢಿಯಾದ ಮೇಲೆ ಕಪಾಟಿನ ಕನ್ನಡ ನಿಘಂಟನ್ನೂ ಮಕ್ಕಳು ಕೇಳಿ ಪಡೆಯುತ್ತಿರುವುದು ನನಗೆ ಬಹಳ ಸಂತೋಷ ಕೊಟ್ಟಿದೆ.

ಇಂಗ್ಲಿಷ್ ಅರ್ಥ ಬೇಕಾದಾಗ ವಿ. ಕೃಷ್ಣ ಅವರು ದಶಕಗಳ ಕಾಲ ಶ್ರಮಿಸಿ ರಚಿಸಿದ, 2019ರಿಂದ ಮುಕ್ತವಾಗಿ ಲಭ್ಯವಿರುವ ‘ಅಲರ್’ ನಿಘಂಟನ್ನು ನನ್ನ ಫೋನಿನಲ್ಲಿ ನೋಡಿ ಹೇಳುತ್ತೇನೆ.

ಕೊಳ್ಳುವ ಖರ್ಚಿಲ್ಲದ ಕಾರಣ ಕಿವಿಕ್ಸ್ ಅನ್ನು ಯಾವ ಶಾಲೆಯಾದರೂ ಪ್ರಯತ್ನಿಸಬಹುದು. ಆದರೆ ಕನ್ನಡ ವಿಕಿಪೀಡಿಯ ದೊಡ್ಡವರಿಗಾಗಿ ಬರೆದ ವಿಶ್ವಕೋಶ. ಕೆಲವು ಲೇಖನಗಳಲ್ಲಿ ಅನುವಾದದ ಬಿಗಿತವಿದೆ, ಕೆಲವು ಎರಡೇ ಸಾಲಿನಲ್ಲಿ ಮುಗಿಯುತ್ತವೆ. ಫ್ರೆಂಚ್ ಮಕ್ಕಳಿಗೆ 2006ರಿಂದಲೇ ವಿಕಿಡಿಯಾ ಎಂಬ ಪ್ರತ್ಯೇಕ ವಿಶ್ವಕೋಶವಿದೆ. ನಮ್ಮಲ್ಲಿಯೂ ನಿರಂಜನ ಅವರ ಸಂಪಾದಕತ್ವದಲ್ಲಿ ಕಿರಿಯರಿಗಾಗಿಯೇ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು ಬಂದಿದ್ದವು. ಅಂತಹ ಶ್ರದ್ಧೆಯಿಂದ ಮಕ್ಕಳ ಕನ್ನಡದಲ್ಲಿ ಬರೆದ ಕಡತವೊಂದು ಸಿದ್ಧವಾದರೆ ಮೊದಲು ಇಳಿಸಿಕೊಳ್ಳುವವಳು ನಾನೇ.

ಬಳಸುವವರು ಕಡತದ ಹೆಸರಿನಲ್ಲಿರುವ ವರ್ಷ, ತಿಂಗಳನ್ನು ತಪ್ಪದೆ ನೋಡಬೇಕು. ವಿಜಯನಗರವು ರಾಜ್ಯದ 31ನೇ ಜಿಲ್ಲೆಯಾದದ್ದು 2021ರಲ್ಲಿ; ಅದಕ್ಕಿಂತ ಹಳೆಯ ಕಡತವನ್ನು ನಂಬಿದ ಮಗು ಜಿಲ್ಲೆಗಳು 30 ಎಂದೇ ಬರೆದುಕೊಂಡೀತು. ಆದ್ದರಿಂದ ಪ್ರತಿ ವರ್ಷ ಶಾಲೆ ತೆರೆಯುವ ಮೊದಲೇ ಹೊಸ ಕಡತ ತಂದು, ಹಳೆಯದನ್ನು ಅಳಿಸಿಬಿಡುತ್ತೇನೆ.