ಸಿಸಿಲಿಯ ಕಡಲೂರುಗಳ ಪ್ಯಾಕೇಜ್: ಕಾಗದಪತ್ರಕ್ಕೆ ಪೂರ್ಣ ಅಂಕ, ವೇಳಾಪಟ್ಟಿಗೆ ಅರ್ಧ

ಜಯನಗರದ ಪ್ರವಾಸ ಸಂಸ್ಥೆಯೊಂದರ ಮೂಲಕ ಸೆಪ್ಟೆಂಬರಿನಲ್ಲಿ ಕುಟುಂಬಸಮೇತ ಇಟಲಿಯ ಸಿಸಿಲಿ ದ್ವೀಪಕ್ಕೆ ಹೋಗಿಬಂದೆವು. ವೀಸಾದ ವಿಷಯದಲ್ಲಿ ಅವರನ್ನು ದೂರುವಂತಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಕೊಡುವ ಷೆಂಗೆನ್ ವ್ಯವಸ್ಥೆಯ ನಿಯಮದಂತೆ ಬೇಕಾಗುವ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆಯಿಂದ ಹಿಡಿದು ಹೋಟೆಲ್ ಕಾಯ್ದಿರಿಸಿದ ಪತ್ರಗಳವರೆಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿಕೊಟ್ಟರು. ದಾರಿಯಲ್ಲಿ ವಿಮಾನ ಬದಲಿಸುವುದಕ್ಕೂ ಧಾರಾಳವಾಗಿ ಸಮಯ ಬಿಟ್ಟಿದ್ದರು.

ನನ್ನ ತಕರಾರಿರುವುದು ವೇಳಾಪಟ್ಟಿಯ ಮೇಲೆ. ಕರಪತ್ರದ ಮುಖಪುಟದಲ್ಲಿ ರಾರಾಜಿಸುವ ಚೆಫಲೂ ಊರಿಗೆ ಅವರು ಕೊಟ್ಟದ್ದು ಊಟಕ್ಕೂ ಸಾಲದಷ್ಟು ಹೊತ್ತು. ನಾರ್ಮನ್ ದೊರೆ ಎರಡನೆಯ ರೋಜರ್ 1131ರಲ್ಲಿ ಕಟ್ಟಿಸಲು ಆರಂಭಿಸಿದ ಕೆಥೆಡ್ರಲ್, ಅದರ ಬೆನ್ನಿಗೇ ಎದ್ದು ನಿಂತ ಲಾ ರೊಕ್ಕಾ ಎಂಬ ಬಂಡೆಗುಡ್ಡ, ಹಳೆಯ ಮನೆಗಳ ಬುಡದಲ್ಲೇ ಹರಡಿಕೊಂಡ ಮರಳತೀರ, ಇವೆಲ್ಲ ನಡೆದೇ ಸುತ್ತಬಹುದಾದಷ್ಟು ಹತ್ತಿರದಲ್ಲಿವೆ. ಭೂಮಧ್ಯ ಸಮುದ್ರದಲ್ಲಿ ಉಬ್ಬರವಿಳಿತ ತೀರಾ ಕಡಿಮೆ. ಮಲ್ಪೆಯ ಅಲೆಗಳಿಗೆ ಹೆದರಿ ದಡದಲ್ಲೇ ಉಳಿಯುತ್ತಿದ್ದ ನಮ್ಮ ಮಕ್ಕಳು ಇಲ್ಲಿ ಸಲೀಸಾಗಿ ನೀರಿಗಿಳಿದರು, ಆದರೆ ಬಟ್ಟೆ ಒಣಗುವ ಮೊದಲೇ ಬಸ್ಸಿಗೆ ಕರೆ ಬಂತು. ಪಲೆರ್ಮೊದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದೂರದಲ್ಲಿರುವ ಈ ಊರಿನಲ್ಲಿ ಒಂದು ರಾತ್ರಿ ತಂಗಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.

ತಾವೊರ್ಮಿನಾದಲ್ಲಿ ಗುಡ್ಡದ ಮೇಲಿನ ಪುರಾತನ ರಂಗಮಂದಿರವನ್ನು ನಿಧಾನವಾಗಿ ನೋಡಲು ಬಿಟ್ಟದ್ದು ಮೆಚ್ಚಬೇಕಾದ ಸಂಗತಿ. ಆದರೆ ಕೇಬಲ್ ಕಾರಿನಲ್ಲಿ ಕೆಳಗಿಳಿದು ಇಸೋಲಾ ಬೆಲ್ಲಾ ತಲುಪಿದಾಗ ಕಾಲಡಿಗೆ ಸಿಕ್ಕಿದ್ದು ಮರಳಲ್ಲ, ಉರುಟು ಕಲ್ಲು. ನೀರಿನಲ್ಲೂ ಹಾಕಿಕೊಳ್ಳಬಹುದಾದ ಚಪ್ಪಲಿ ತನ್ನಿರೆಂದು ಬೆಂಗಳೂರಿನಲ್ಲೇ ಒಂದು ಮಾತು ಹೇಳಬಹುದಿತ್ತು. ಇಟಲಿಯ ತೀರಗಳಲ್ಲಿ ಕುರ್ಚಿ, ಕೊಡೆಗಳಿಗೆ ಬಾಡಿಗೆ ಪಡೆಯುವ ‘ಲೀದೊ’ಗಳಿರುವಂತೆಯೇ ಶುಲ್ಕವಿಲ್ಲದ ಸಾರ್ವಜನಿಕ ತೀರಗಳೂ ಇವೆ, ನಮ್ಮ ಮಾರ್ಗದರ್ಶಿ ಪ್ರತಿ ಸಲವೂ ಲೀದೊಗೇ ಕರೆದೊಯ್ದರು, ಬಾಡಿಗೆ ಮಾತ್ರ ಪ್ಯಾಕೇಜಿನಲ್ಲಿ ಸೇರಿರಲಿಲ್ಲ.

ಊಟದ ಏರ್ಪಾಡು ಇನ್ನೂ ವಿಚಿತ್ರ. ಕತಾನಿಯಾದಲ್ಲಿ ಸಸ್ಯಾಹಾರಿಗಳಿಗೆಂದು ಊರಾಚೆಯ ಉತ್ತರ ಭಾರತೀಯ ಹೋಟೆಲಿಗೆ ಕರೆದೊಯ್ದು ಸಪ್ಪೆ ಪನೀರ್ ಬಡಿಸಿದರು. ಬದನೆಕಾಯಿ, ಟೊಮೇಟೊ, ಉಪ್ಪುಹಾಕಿದ ರಿಕೋಟಾ ಚೀಸ್ ಬೆರೆಸಿದ ‘ಪಾಸ್ತಾ ಅಲ್ಲಾ ನೋರ್ಮಾ’ ಅದೇ ಊರಿನ ಹೆಮ್ಮೆಯ ಅಡುಗೆ. ಪಲೆರ್ಮೊದ ಬೀದಿಗಳಲ್ಲಿ ಕಡಲೆಹಿಟ್ಟನ್ನು ಬೇಯಿಸಿ, ಹೋಳು ಮಾಡಿ ಕರಿದ ‘ಪನೆಲ್ಲೆ’ ಸಿಗುತ್ತದೆ. ಅದನ್ನು ನಾವೇ ಹುಡುಕಿ ತಿಂದೆವು, ನಿಂಬೆರಸ ಹಿಂಡಿದರೆ ಸೊಗಸು.

ಇಷ್ಟಾದರೂ ಈ ಸಂಸ್ಥೆಯನ್ನು ಪೂರ್ತಿ ತಳ್ಳಿಹಾಕಲಾರೆ. ಮುಂಗಡ ಕಟ್ಟುವ ಮುನ್ನ ಚೆಫಲೂ ವಾಸ್ತವ್ಯವನ್ನು ಬರಹದಲ್ಲಿ ಪಡೆಯಿರಿ, ಲೀದೊ ಬಾಡಿಗೆ ಯಾರ ಲೆಕ್ಕಕ್ಕೆಂದು ಕೇಳಿ, ಅವರು ಎಷ್ಟೇ ರಿಯಾಯಿತಿ ತೋರಿಸಿದರೂ ಆಗಸ್ಟ್ ತಂಡಕ್ಕೆ ಒಪ್ಪಬೇಡಿ. ಆಗಸ್ಟ್ 15ರ ಫೆರಾಗೋಸ್ತೊ ರಜೆಯ ಆಸುಪಾಸಿನಲ್ಲಿ ಇಟಲಿಯವರೇ ಕಡಲತೀರಗಳಿಗೆ ಮುಗಿಬೀಳುತ್ತಾರೆ.