ಮಲೆನಾಡಿನ ಮಳೆಗಾಲ ಮತ್ತು ಜೆಕೆ ಕಾಪಿಯರ್ 75 ಜಿಎಸ್‌ಎಂ: ಹಾಳೆಗಿಂತ ಹೊದಿಕೆ ಮುಖ್ಯ

ಶಿರಸಿಯ ನಮ್ಮ ಲೆಕ್ಕಪತ್ರದ ಕಚೇರಿಗೆ ಕೆಲಸದ ಭರಾಟೆ ಜುಲೈನಿಂದ ಸೆಪ್ಟೆಂಬರ್‌ವರೆಗೆ. ಆದಾಯ ತೆರಿಗೆಯ ಕಾಗದಪತ್ರ, ಸಹಕಾರಿ ಸಂಘಗಳ ಅಢಾವೆ ಪತ್ರಿಕೆ, ಬ್ಯಾಂಕ್ ಸಾಲಕ್ಕೆ ಬೇಕಾದ ತಖ್ತೆಗಳು ಎಲ್ಲವೂ ಆಗಲೇ ಬರುತ್ತವೆ. ಪುನರ್ವಸು, ಪುಷ್ಯ ಮಳೆಗಳು ಹಿಡಿಯುವುದೂ ಆಗಲೇ. ಆದ್ದರಿಂದ ನಾನು ಕಾಗದವನ್ನು ಅಳೆಯುವುದು ಬಿಳುಪಿನಿಂದಲ್ಲ, ನುಣುಪಿನಿಂದಲೂ ಅಲ್ಲ. ಥಂಡಿಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದೊಂದೇ ನನಗೆ ಬೇಕು.

ಲೇಸರ್ ಪ್ರಿಂಟರಿನೊಳಗೆ ಟೋನರ್ ಪುಡಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಹಾಳೆಗೆ ಅಂಟುತ್ತದೆ. ಹಾಳೆಯಲ್ಲಿ ತೇವ ಹೆಚ್ಚಿದ್ದರೆ ಆ ಶಾಖಕ್ಕೆ ಅದು ಆವಿಯಾಗಿ ಹೊರಡುತ್ತದೆ, ಹಾಳೆ ಸುರುಳಿಯಾಗುತ್ತದೆ. ಒಂದೇ ಬದಿ ಮುದ್ರಿಸುವವರಿಗೆ ಅಷ್ಟು ತೊಂದರೆಯಿಲ್ಲ. ನಾವು ಎರಡೂ ಬದಿ ಮುದ್ರಿಸುವವರು. ಸುರುಳಿಯಾದ ಹಾಳೆ ಎರಡನೆಯ ಸುತ್ತಿಗೆ ಒಳಹೋಗುವಾಗ ಮೂಲೆ ಮಡಚಿಕೊಂಡು ರೋಲರುಗಳ ನಡುವೆ ಸಿಕ್ಕಿಬೀಳುತ್ತದೆ. ತೇವದ ಹಾಳೆಯಲ್ಲಿ ವಿದ್ಯುದಾವೇಶವೂ ಸರಿಯಾಗಿ ನಿಲ್ಲದ ಕಾರಣ ಪುಡಿ ಸಮನಾಗಿ ಕೂರದೆ ಅಂಕಿಗಳು ಅಲ್ಲಲ್ಲಿ ಮಾಸುತ್ತವೆ. ತಖ್ತೆಯಲ್ಲಿ ಎಂಟು ಮೂರರಂತೆ ಕಂಡರೆ ಗತಿಯೇನು?

ಮೊದಲು ತರುತ್ತಿದ್ದ ಅಗ್ಗದ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಹಾಳೆಗೆ ತೆಳುವಾದ ಬರೀ ಕಾಗದದ ಹೊದಿಕೆ ಇತ್ತು. ಅಂಗಡಿಯ ಕಪಾಟಿನಲ್ಲಿ ಕುಳಿತಿರುವಾಗಲೇ ಅದು ಮುಚ್ಚಳ ಸಡಿಲವಿಟ್ಟ ಡಬ್ಬದ ಹಪ್ಪಳದಂತೆ ಮೆತ್ತಗಾಗಿರುತ್ತಿತ್ತು. ಹೊಸ ರೀಮ್, ಅಂದರೆ 500 ಹಾಳೆಯ ಕಟ್ಟು, ಒಡೆದ ಕೂಡಲೇ ಜಾಮ್. ಈಗ ಕೆಲವು ವರ್ಷಗಳಿಂದ ಜೆಕೆ ಕಾಪಿಯರ್ ಹೆಸರಿನ 75 ಜಿಎಸ್‌ಎಂ ಹಾಳೆ ಬಳಸುತ್ತಿದ್ದೇವೆ. ನನ್ನ ಮನಸ್ಸು ಗೆದ್ದದ್ದು ಹಾಳೆಗಿಂತ ಅದರ ಹೊದಿಕೆ. ಹರಿದು ಒಳಬದಿಯನ್ನು ಬೆರಳಿನಿಂದ ಸವರಿ ನೋಡಿದರೆ ಪ್ಲಾಸ್ಟಿಕ್ಕಿನ ನುಣುಪು ಸಿಗುತ್ತದೆ. ತೇವ ಒಳಗೆ ನುಸುಳದಂತೆ ಕಾಯುವುದು ಆ ಲೇಪವೇ. ಜೋರು ಮಳೆಯ ದಿನ ಒಡೆದರೂ ಮೊದಲ ಹಾಳೆಗಳು ಗರಿಗರಿಯಾಗಿ ಸದ್ದು ಮಾಡುತ್ತವೆ. ಆ ಸದ್ದು ಕೇಳಿದರೆ ನನಗೆ ನೆಮ್ಮದಿ.

ಬೆಳಿಗ್ಗೆ ದೀಪ ಹಚ್ಚಿ ಕೈಮುಗಿದ ಮೇಲೆ ನನ್ನ ಮೊದಲ ಕೆಲಸ ಟ್ರೇ ತುಂಬಿಸುವುದು. ಇದನ್ನು ಬೇರೆಯವರಿಗೆ ಬಿಡುವುದಿಲ್ಲ. ಅಂದಾಜು ನೂರು ಹಾಳೆ ತೆಗೆದು, ಒಂದು ಅಂಚನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಅಂಚನ್ನು ಹೆಬ್ಬೆರಳಿನಿಂದ ಸರಸರನೆ ಬಿಡುತ್ತೇನೆ. ಗಾಳಿ ಹೊಕ್ಕು ಹಾಳೆಗಳು ಬಿಡಿಬಿಡಿಯಾಗುತ್ತವೆ, ಅಂಚಿನ ಕಾಗದದ ಧೂಳೂ ಉದುರುತ್ತದೆ. ಆ ಧೂಳು ರೋಲರಿಗೆ ಮೆತ್ತಿಕೊಂಡರೆ ಮುಂದೆ ಹಾಳೆ ಎಳೆಯುವುದೇ ಕಷ್ಟ. ನಂತರ ಮೇಜಿಗೆ ಎರಡೂ ಬದಿ ಕುಟ್ಟಿ ಸಮ ಮಾಡಿ ಟ್ರೇಗೆ ಇಳಿಸುತ್ತೇನೆ. ಉಳಿದ ರೀಮನ್ನು ಅದರದೇ ಹೊದಿಕೆಯಲ್ಲಿ ಮಡಚಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಇಡುತ್ತೇನೆ. ಒಡೆಯದ ರೀಮುಗಳು ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇರುತ್ತವೆ.

ಇಷ್ಟು ಹೊಗಳಿದ ಮೇಲೆ ಬೇಸರವನ್ನೂ ಹೇಳಲೇಬೇಕು. ಸಂಜೆ ಟ್ರೇಯಲ್ಲಿ ಬಿಟ್ಟುಹೋದ ಹಾಳೆಗಳು ಬೆಳಿಗ್ಗೆಗೆ ಆ ಅಗ್ಗದ ಹಾಳೆಗಳಷ್ಟೇ ಮೆತ್ತಗಾಗಿರುತ್ತವೆ. ಹೊದಿಕೆಯಿಂದ ಹೊರಬಂದ ಮೇಲೆ ಹೆಸರಿಗೆ ಬೆಲೆಯಿಲ್ಲ. ದಟ್ಟ ಗೆರೆಯ ಕೋಷ್ಟಕವಿದ್ದರೆ ಹಿಂಬದಿಗೆ ನೆರಳು ಕಾಣುತ್ತದೆ, ಆದ್ದರಿಂದ ಸಹಿ ಮೊಹರಿನ ಅಂತಿಮ ಪ್ರತಿಗೆ 80 ಜಿಎಸ್‌ಎಂ ಬೇರೆಯೇ ತರಬೇಕು. ಕಣ್ಣು ಕುಕ್ಕುವ ಬಿಳುಪೂ ನನಗೆ ಹಿಡಿಸಿಲ್ಲ. ಟ್ಯೂಬ್‌ಲೈಟಿನ ಕೆಳಗೆ ದಿನವಿಡೀ ಅಂಕಿ ತಾಳೆ ನೋಡುವವರಿಗೆ ತುಸು ಮಾಸಲು ಬಣ್ಣವೇ ಹಿತ.

ಕೊಳ್ಳುವವರು ಯಾವ ಹೆಸರಿನದನ್ನಾದರೂ ಕೊಳ್ಳಲಿ, ರೀಮನ್ನು ಅಂಗಡಿಯ ತಕ್ಕಡಿಯ ಮೇಲೆ ಇಡಿಸಲಿ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಹದಿನಾರು ಎ4 ಹಾಳೆ ಸೇರಿದರೆ ಹೆಚ್ಚುಕಡಿಮೆ ಒಂದು ಚದರ ಮೀಟರ್. ಆ ಪ್ರಕಾರ 500 ಹಾಳೆಯ ರೀಮ್ 80 ಜಿಎಸ್‌ಎಂ ಆದರೆ ಸುಮಾರು ಎರಡೂವರೆ ಕಿಲೋ, 75 ಆದರೆ 2.34 ಕಿಲೋ, 70 ಆದರೆ 2.18 ಕಿಲೋ ತೂಗಬೇಕು. ಹೊದಿಕೆಯ ತೂಕ ಬೇರೆ. ಹೊರಗೆ 75 ಎಂದು ಅಚ್ಚಾಗಿದ್ದು 2.2 ಕಿಲೋ ತೂಗಿದ ಬೇರೊಂದು ಹೆಸರಿನ ರೀಮನ್ನು ನಾನು ಅಲ್ಲಿಯೇ ಹಿಂದಿರುಗಿಸಿದ್ದೇನೆ.

ಬಯಲುಸೀಮೆಯ ಒಣ ಹವೆಯಲ್ಲಿ, ಒಂದೇ ಬದಿ ಮುದ್ರಿಸುವವರಿಗೆ ಒಳ್ಳೆಯ 70 ಜಿಎಸ್‌ಎಂ ಸಾಕು, ಹೆಚ್ಚಿನ ದುಡ್ಡು ಸುರಿಯಬೇಡಿ. ಮಲೆನಾಡು, ಕರಾವಳಿಯವರು ಮಾತ್ರ ಹೊದಿಕೆಯ ಒಳಬದಿ ನೋಡದೆ ಕೊಳ್ಳಬೇಡಿ. ಇದೇ ಹೊದಿಕೆಯಲ್ಲಿ ನೂರು ಹಾಳೆಯ ಚಿಕ್ಕ ಕಟ್ಟು ನಮ್ಮೂರಿನ ಅಂಗಡಿಗೆ ಬಂದರೆ, ರೀಮಿಗಿಂತ ತುಸು ದುಬಾರಿಯಾದರೂ ಮಳೆಗಾಲವಿಡೀ ಅದನ್ನೇ ತರುತ್ತೇನೆ.